ವಿಜ್ಞಾನ ಸಂಘದಲ್ಲಿ ಸ್ಕ್ರೂಡ್ರೈವರ್ ಯಾರ ಕೈಯಲ್ಲಿರಬೇಕು?

ಪ್ರಶ್ನೆ – ಗ್ರಂಥಾಲಯ ಮೇಲ್ವಿಚಾರಕಿ, ಗೌರಿಬಿದನೂರು ತಾಲ್ಲೂಕು

ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಜೂನ್ ತಿಂಗಳಿನಿಂದ ಪ್ರತಿ ಶನಿವಾರ ಸಂಜೆ ಮಕ್ಕಳ ವಿಜ್ಞಾನ ಸಂಘ ನಡೆಸುತ್ತಿದ್ದೇನೆ. ಮೊದಲು ಬಂದ 22 ಮಕ್ಕಳಲ್ಲಿ 13 ಹೆಣ್ಣುಮಕ್ಕಳಿದ್ದರು. ಈಗ ಉಳಿದವರು ನಾಲ್ವರು. ಆ ನಾಲ್ವರೂ ಬ್ಯಾಟರಿ, ಮೋಟಾರು, ಎಲ್‌ಇಡಿಗಳನ್ನು ಮುಟ್ಟುವುದು ಕಡಿಮೆ. ಹುಡುಗರು ಜೋಡಿಸಿದ್ದನ್ನು ದುಂಡಾದ ಅಕ್ಷರದಲ್ಲಿ ಪುಸ್ತಕಕ್ಕೆ ಇಳಿಸುವುದೇ ಅವರ ಪಾಲಿನ ವಿಜ್ಞಾನವಾಗಿದೆ. ಅಕ್ಷರ ಚೆನ್ನಾಗಿದೆಯೆಂದು ಹೊಗಳಿ ನಾನೇ ಅವರನ್ನು ಅಲ್ಲಿ ಕೂರಿಸಿದೆನೇನೋ ಎಂಬ ಅಳುಕು ಈಚೆಗೆ ಹುಟ್ಟಿದೆ. ಹೆಣ್ಣುಮಕ್ಕಳಿಗೆಂದೇ ಬೇರೆ ಸಂಘ ಕಟ್ಟಬೇಕೆ?

ಉತ್ತರ 1 – ನಿವೃತ್ತ ವಿಜ್ಞಾನ ಶಿಕ್ಷಕಿ, ಹಾಸನ

ಬೇರೆ ಸಂಘಕ್ಕೆ ಮೊದಲು ಗಡಿಯಾರ ನೋಡಿ. ಶನಿವಾರ ಸಂಜೆ ಹುಡುಗರಿಗೆ ಬಿಡುವು. ಹೆಣ್ಣುಮಕ್ಕಳಿಗೆ ನೀರು, ಪಾತ್ರೆ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊತ್ತು. ಶನಿವಾರದ ಬೆಳಗಿನ ತರಗತಿ ಮುಗಿದ ಕೂಡಲೇ, ಮಕ್ಕಳು ಮನೆ ಸೇರುವ ಮುನ್ನವೇ ಸಂಘ ನಡೆಸಿ. ಎರಡನೆಯದಾಗಿ, ಆರು ಮಕ್ಕಳಿಗೆ ಒಂದು ಪೆಟ್ಟಿಗೆ ಕೊಟ್ಟರೆ ಅದು ಗಟ್ಟಿ ದನಿಯವರ ಪಾಲಾಗುತ್ತದೆ. ಇಬ್ಬರಿಗೊಂದು ಸಾಮಗ್ರಿ ಕೊಡಿ, ಬರೆಯುವ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ. ಚೀಟಿಯ ಮುಂದೆ ಯಾರೂ ವಾದಿಸುವುದಿಲ್ಲ.

ಮನೆಯಿಂದ ಹೊರಡಲಾಗದವರಿಗೆ ಅಂಗಳದಲ್ಲೇ ಪ್ರಯೋಗ ಕೊಡಬಹುದು. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನಡುನೆತ್ತಿಗೆ ಬಂದು, ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ನಿಮ್ಮ ಊರು ಉತ್ತರಕ್ಕಿರುವುದರಿಂದ ಏಪ್ರಿಲ್‌ನಲ್ಲಿ ಒಂದೆರಡು ದಿನ ತಡವಾಗಿ, ಆಗಸ್ಟ್‌ನಲ್ಲಿ ಅಷ್ಟೇ ಮುಂಚಿತವಾಗಿ ಇದು ಕಾಣುತ್ತದೆ. ರಜಾದಿನಗಳ ಮಧ್ಯಾಹ್ನ ನೆರಳಳೆದು ಗುರುತು ಹಾಕುತ್ತ ಹೋದರೆ ಆ ದಿನವನ್ನು ಮಕ್ಕಳೇ ಮುಂಚಿತವಾಗಿ ಹೇಳಬಲ್ಲರು. ಖರ್ಚು ಒಂದು ಕೋಲು.

ಉತ್ತರ 2 – ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಬೆಂಗಳೂರು

ಮೇಲಿನ ಮಾತನ್ನು ಒಪ್ಪಿಯೂ, ಮೊದಲ ಕೆಲವು ತಿಂಗಳಾದರೂ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಅವಧಿ ಬೇಕೆನ್ನುತ್ತೇನೆ. ತಪ್ಪಾಗಿ ಜೋಡಿಸಿದಾಗ ನಗುವವರಿಲ್ಲದ ಜಾಗ ಒಮ್ಮೆ ಸಿಕ್ಕರೆ, ಆಮೇಲೆ ಯಾರ ಜೊತೆ ಕೂತರೂ ಕೈ ನಡುಗುವುದಿಲ್ಲ.

ಮೈಕ್ರೋವೇವ್ ಮತ್ತು ಆಂಟೆನಾ ಕ್ಷೇತ್ರದಲ್ಲಿ ದುಡಿದ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ರಾಜೇಶ್ವರಿ ಚಟರ್ಜಿಯವರ ಆರಂಭದ ಓದು ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮಹಿಳಾ ಸೇವಾ ಸಮಾಜದ ಮೂಲಕ ಕಟ್ಟಿದ ಶಾಲೆಯಲ್ಲಿ ನಡೆಯಿತು. ಮುಂದೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಅವರು ಪಿಎಚ್.ಡಿ. ಪಡೆದರು. ಆದರೆ ಗೋಡೆಗೆ ಅವರ ಚಿತ್ರ ತೂಗುಹಾಕಿ ಸುಮ್ಮನಾಗಬೇಡಿ. ಆಂಟೆನಾ ಎಂದರೇನೆಂದು ತೋರಿಸಲು ನಿಮ್ಮ ತಾಲ್ಲೂಕಿನಲ್ಲೇ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ರೇಡಿಯೋ ದೂರದರ್ಶಕವಿದೆ. ಅಲ್ಲಿ ಆಂಟೆನಾಗಳು ಬಯಲಿನಲ್ಲಿ ಸಾಲುಗಟ್ಟಿವೆ. ಅನುಮತಿ ಕೇಳಿ ಪತ್ರ ಬರೆಯಿರಿ.

ಪ್ರಶ್ನೆ ಕೇಳಿದವರ ಮರುನುಡಿ

ಹೊತ್ತಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಬಿಟ್ಟುಹೋದ ಒಂಬತ್ತು ಮಂದಿಯಲ್ಲಿ ಐವರ ಮನೆಗೆ ನಿನ್ನೆ ಹೋಗಿ ವಿಚಾರಿಸಿದೆ. ನಾಲ್ಕು ಮನೆಗಳಲ್ಲಿ ಕತ್ತಲಾದ ಮೇಲಿನ ದಾರಿಯದೇ ಚಿಂತೆ, ವಿಜ್ಞಾನದ ತಕರಾರು ಯಾರಿಗೂ ಇರಲಿಲ್ಲ. ಬರುವ ವಾರದಿಂದ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಸೇರುತ್ತೇವೆ. ಮೊದಲ ಎಂಟು ವಾರ ಹೆಣ್ಣುಮಕ್ಕಳು ಮಾತ್ರ. ಪಂಚಾಯಿತಿಯ ಹಳೆಯ ಟೇಬಲ್ ಫ್ಯಾನೊಂದು ಕೆಟ್ಟು ಮೂಲೆಯಲ್ಲಿದೆ, ವೈರು ಕತ್ತರಿಸಿ ತೆಗೆದು ಅದನ್ನೇ ಬಿಚ್ಚಿಸುತ್ತೇನೆ. ಟಿಪ್ಪಣಿ ನಾನು ಬರೆದುಕೊಳ್ಳುತ್ತೇನೆ.