‘ನಿರೀಕ್ಷೆ’ಯೋ ‘ಭರವಸೆ’ಯೋ: ಒಂದು ಸಮಾಧಿಕಲ್ಲಿನ ಬರಹ

ಬಲ್ಲವರಿಗೆ ನಮಸ್ಕಾರ. ಹೋದ ವರ್ಷ ತೀರಿಕೊಂಡ ನಮ್ಮ ಸೋದರತ್ತೆಯ ಸಮಾಧಿಗೆ ತೀರಿಕೊಂಡವರನ್ನು ನೆನೆಯುವ ನವೆಂಬರ್ 2ರ ಕಲ್ಲರೆ ಹಬ್ಬದೊಳಗೆ ಕಲ್ಲು ಹಾಕಿಸಬೇಕೆಂದು ಮೈಸೂರಿನಲ್ಲಿರುವ ನಾವು ಅಣ್ಣತಮ್ಮಂದಿರು ನಿಶ್ಚಯಿಸಿದ್ದೇವೆ. ಹೆಸರು ಮತ್ತು ದಿನಾಂಕಗಳ ಕೆಳಗೆ ‘ಪುನರುತ್ಥಾನದ ನಿರೀಕ್ಷೆಯಲ್ಲಿ’ ಎಂದು ನಾನು ಬರೆದುಕೊಟ್ಟಿದ್ದೆ; ಪುನರುತ್ಥಾನವೆಂದರೆ ಸತ್ತವರು ಮತ್ತೆ ಜೀವಂತರಾಗಿ ಏಳುವುದು. ಕಪ್ಪು ಕಲ್ಲಿನ ಮೇಲೆ ಬಿಳಿ ಪೆನ್ಸಿಲಿನಿಂದ ಅಕ್ಷರ ಗುರುತು ಮಾಡುತ್ತಿದ್ದವರು ‘ಕ್ಷೆ’ಯ ಹತ್ತಿರ ಕೈ ನಿಲ್ಲಿಸಿ, “ಇದು ಬಸ್ಸಿಗೆ ಕಾಯೋ ಥರ ಐತಲ್ಲ ಸಾರ್, ಭರವಸೆ ಅಂತ ಹಾಕಿದ್ರೆ ಆಗಲ್ವಾ?” ಎಂದರು. ‘ತ್ಥಾ’ ಕೆತ್ತುವ ಚಿಂತೆಯಲ್ಲಿದ್ದವರಿಗೆ ಮತ್ತೊಂದು ಒತ್ತಕ್ಷರ ಬೇಡವಾಗಿತ್ತೋ ಏನೋ. ಆದರೂ ಅವರ ಮಾತನ್ನು ತಳ್ಳಿಹಾಕಲು ನನಗೆ ಆಗಲಿಲ್ಲ.

‘ನಂಬಿಕೆ, ನಿರೀಕ್ಷೆ, ಪ್ರೀತಿ’ ಎಂಬ ಮೂರನ್ನು ಹಳೆಯ ಕನ್ನಡ ಬೈಬಲ್ ಓದಿ ಬೆಳೆದವರೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬೈಬಲಿನಲ್ಲಿ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಸತ್ತವರನ್ನು ನಿದ್ರೆಹೋದವರೆಂದು ಕರೆದು, ನಿರೀಕ್ಷೆಯಿಲ್ಲದವರ ಹಾಗೆ ದುಃಖಪಡಬೇಡಿರೆನ್ನುತ್ತಾನೆ. ಅಳಬೇಡಿರೆಂದು ಅವನು ಹೇಳಿಲ್ಲ ಎಂಬುದನ್ನು ಸಾಂತ್ವನ ಹೇಳಲು ಬರುವವರು ಮರೆಯುತ್ತಾರೆ. ಈ ‘ನಿರೀಕ್ಷೆ’ಗೆ ಮೂಲದಲ್ಲಿರುವ ಗ್ರೀಕ್ ಪದ ‘ಎಲ್ಪಿಸ್’. ಇಂದಿನ ಪತ್ರಿಕೆಗಳಲ್ಲಾದರೋ ನಿರೀಕ್ಷೆ ಮಳೆಗೂ ಫಲಿತಾಂಶಕ್ಕೂ ಸಲ್ಲುತ್ತದೆ, ಅಪರಾಧ ಸುದ್ದಿಗಳಲ್ಲಿ ನಿರೀಕ್ಷಣಾ ಜಾಮೀನೂ ಸಿಗುತ್ತದೆ. ಆಗಬಹುದು, ಆಗದೆಯೂ ಇರಬಹುದು ಎಂಬ ಅನುಮಾನ ಆ ಪದಕ್ಕೆ ಅಂಟಿಕೊಂಡಿದೆ.

‘ಭರವಸೆ’ಗೆ ಆ ಅನುಮಾನವಿಲ್ಲ, ಆದರೆ ಬೇರೆ ತೊಡಕಿದೆ. ಭರವಸೆಯನ್ನು ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ಇಡುತ್ತಾರೆ. ‘ನಿರೀಕ್ಷೆ ಕೊಟ್ಟರು’ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಕೊಟ್ಟ ಮಾತೂ ಅದನ್ನು ನೆಚ್ಚಿದ ಮನಸ್ಸೂ ಒಂದೇ ಪದದಲ್ಲಿರುವುದು ಕ್ರೈಸ್ತ ಅರ್ಥಕ್ಕೆ ಒಪ್ಪುತ್ತದೆ ನಿಜ. ಆದರೆ ಚುನಾವಣೆಗಳು ಈ ಪದವನ್ನು ಮಾಡಿರುವ ಪಾಡನ್ನು ನಾನು ಹೇಳಬೇಕಾಗಿಲ್ಲ.

ಇನ್ನು ‘ಆಸೆ’. ಅತ್ತೆ ಮಂಡ್ಯದಲ್ಲಿ ಆಸ್ಪತ್ರೆಯಲ್ಲಿದ್ದಾಗ ವೈದ್ಯರೊಬ್ಬರು ಹೊರಗೆ ಬಂದು, “ಆಸೆ ಇಟ್ಕೋಬೇಡಿ” ಎಂದರು. ನಮ್ಮ ಕಡೆಯ ಆಡುಮಾತಿನಲ್ಲಿ ಜೀವ ಉಳಿದೀತೆಂಬುದಕ್ಕಿರುವ ಪದ ಅದೇ. ಆ ಆಸೆ ಮುಗಿದ ಮೇಲೂ ಉಳಿಯುವುದಕ್ಕೆ, ಎಂದರೆ ಸಾವು ಬಾರದಿರಲಿ ಎಂಬುದಕ್ಕಲ್ಲದೆ ಬಂದ ಸಾವಿನ ಆಚೆಗೆ ಚಾಚುವುದಕ್ಕೆ, ಬೇರೆಯೇ ಪದ ಬೇಕಾಗುತ್ತದೆ.

ನನ್ನ ಒಲವು ಇನ್ನೂ ನಿರೀಕ್ಷೆಯ ಕಡೆಗೇ ಇದೆ. ಅದರ ‘ನಿರ್’ ನಿರಾಶೆಯಲ್ಲಿರುವಂತೆ ಇಲ್ಲವೆನ್ನುವುದಲ್ಲ. ‘ಈಕ್ಷ್’ ಎಂದರೆ ನೋಡು. ಕನ್ನಡದ ‘ಎದುರುನೋಡು’, ‘ದಾರಿ ನೋಡು’ ಎಂಬವುಗಳಲ್ಲೂ ಕಾಯುವ ಕೆಲಸವನ್ನು ಕಣ್ಣೇ ಮಾಡುತ್ತದೆ. ಕ್ರೈಸ್ತರು ಪೂಜೆಯಲ್ಲಿ ತಮ್ಮ ನಂಬಿಕೆಯನ್ನು ಸಾರಿ ಹೇಳುವ ನೈಸೀನ್ ವಿಶ್ವಾಸಪ್ರಮಾಣದ ಲ್ಯಾಟಿನ್ ಪಾಠದಲ್ಲಿ ಮೃತರ ಪುನರುತ್ಥಾನದ ಮುಂದೆ ಬರುವ ‘ಎಕ್ಸ್‌ಪೆಕ್ಟೊ’ (ಎದುರುನೋಡುತ್ತೇನೆ) ಕೂಡ ನೋಡುವ ಧಾತುವಿನಿಂದಲೇ ಹುಟ್ಟಿದೆ. ವಿಚಿತ್ರವೆಂದರೆ, ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಪೌಲನು ಕಣ್ಣಿಗೆ ಕಾಣುವುದನ್ನು ಯಾರಾದರೂ ನಿರೀಕ್ಷಿಸುವುದುಂಟೇ ಎಂದು ಕೇಳುತ್ತಾನೆ. ನೋಟದಿಂದ ಹುಟ್ಟಿದ ಪದ ಕಾಣದ್ದಕ್ಕೆ ಸಲ್ಲುವ ಈ ಬಿಗಿತ ಭರವಸೆಯಲ್ಲಿ ನನಗೆ ಸಿಗುತ್ತಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ‘ನಿರೀಕ್ಷೆ’ ಎಂದೊಡನೆ ಕ್ರೈಸ್ತರಲ್ಲದ ಓದುಗರಿಗೆ ಬಸ್ಸೇ ನೆನಪಾಗುತ್ತದೆಯೇ? ‘ಪುನರುತ್ಥಾನವನ್ನು ಎದುರುನೋಡುತ್ತಾ’ ಎಂದು ಬರೆದರೆ ಕಲ್ಲಿನ ಮೇಲೆ ತೀರಾ ಮಾತಿನಂತೆ ಕೇಳಿಸುವುದೇ? ಶ್ರೀರಂಗಪಟ್ಟಣದ ಗಂಜಾಂ ಕಡೆಯ ಹಳೆಯ ಸಮಾಧಿಗಳ ಮೇಲೆ ಕನ್ನಡದ ಇಂಥ ಸಾಲನ್ನು ಕಂಡವರಿದ್ದರೆ ಪದಗಳನ್ನು ಇದ್ದಂತೆಯೇ ತಿಳಿಸಬೇಕು. ‘ಪುನರುತ್ಥಾನದ’ ಎಂಬಲ್ಲಿಗೆ ಕೆತ್ತನೆ ಮುಗಿದಿದೆಯಂತೆ. ಮುಂದಿನ ಪದಕ್ಕೆ ಕಲ್ಲು ಕೆತ್ತುವವರು ಶನಿವಾರದವರೆಗೆ ಕಾಯುತ್ತಾರೆ.