ಕ್ವಾಮ್ ಅನ್ನೋ ಅಡ್ಡಹೆಸರು ನಾರ್ವೆಯ ದಾಖಲೆಗಳಲ್ಲಿ ಸಿಗ್ತಿಲ್ಲ, ಹೇಗೆ ಹುಡುಕೋದು?

ಮಿನೆಸೋಟದ ಸೊಸೆ

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೋಸ್ಕರ ವಂಶವೃಕ್ಷ ಮಾಡ್ತಿದ್ದೀನಿ. ನಮ್ಮ ಕಡೆಯದು ಅಪ್ಪನನ್ನ ಕೇಳಿ ಬರೆದಾಯ್ತು. ಗಂಡನ ಕಡೆಯವರು ನಾರ್ವೆಯಿಂದ ಮಿನೆಸೋಟಕ್ಕೆ ಬಂದವರು, ಅದು ಮಾತ್ರ ಮುಂದಕ್ಕೆ ಹೋಗ್ತಿಲ್ಲ.

ಇವರ ಮುತ್ತಜ್ಜನ ತಂದೆ ಲಾರ್ಸ್, ಬಂದದ್ದು 1873ರಲ್ಲಿ. 1880ರ ಅಮೆರಿಕದ ಜನಗಣತಿಯಲ್ಲಿ ಲಾರ್ಸ್ ಓಲ್ಸನ್. 1900ರದ್ದರಲ್ಲಿ ಅದೇ ಹೆಂಡತಿ, ಅದೇ ಮಕ್ಕಳು, ಆದರೆ ಲಾರ್ಸ್ ಕ್ವಾಮ್ (ಕ್ಯೂ, ಯು, ಎ, ಎಮ್). ಒಡಹುಟ್ಟಿದ ತಮ್ಮನ ಸಮಾಧಿಯ ಕಲ್ಲಿನ ಮೇಲೆ ಮೋಯೆನ್! ನ್ಯೂಯಾರ್ಕಿನ ವಲಸಿಗರ ತಪಾಸಣಾ ಕೇಂದ್ರ ಎಲ್ಲಿಸ್ ಐಲ್ಯಾಂಡಿನ ಗುಮಾಸ್ತ ಬಾಯಿಗೆ ಬಂದಂತೆ ಬರೆದುಕೊಂಡ ಅಂತ ಅತ್ತೆ ಹೇಳ್ತಾರೆ. ನಾರ್ವೆಯ ರಾಷ್ಟ್ರೀಯ ದಾಖಲೆಗಳ ವೆಬ್‌ಸೈಟಾದ ಡಿಜಿಟಲ್‌ಆರ್ಕಿವೆಟ್‌ನಲ್ಲಿ ಕ್ವಾಮ್ ಅಂತ ಹಾಕಿದರೆ ನಮ್ಮ ಲಾರ್ಸ್ ಬರೋದೇ ಇಲ್ಲ. ಯಾರಾದರೂ ದಾರಿ ತೋರಿಸ್ತೀರಾ?

ಹಳೇಕಾಗದ

ಮೇಡಂ, ಗುಮಾಸ್ತನ ಕಥೆ ಮೊದಲು ಪಕ್ಕಕ್ಕಿಡಿ. ಎಲ್ಲಿಸ್ ಐಲ್ಯಾಂಡ್ ಶುರುವಾಗಿದ್ದೇ 1892ರ ಜನವರಿ 1ಕ್ಕೆ. 1873ರಲ್ಲಿ ನ್ಯೂಯಾರ್ಕಿಗೆ ಬಂದವರು ಇಳೀತಿದ್ದದ್ದು ಅದಕ್ಕೂ ಮುಂಚಿನ ಕೇಂದ್ರ ಕ್ಯಾಸಲ್ ಗಾರ್ಡನ್‌ನಲ್ಲಿ, ಕೆನಡಾದ ಕ್ವಿಬೆಕ್ ಮೂಲಕ ಬಂದ ನಾರ್ವೆಯವರೂ ಬಹಳ. ಎಲ್ಲಿಸ್ ಐಲ್ಯಾಂಡ್ ಬಂದ ಮೇಲೂ ಅಲ್ಲಿನ ಅಧಿಕಾರಿಗಳು ಹೆಸರು ಬರೆದುಕೊಳ್ತಿರಲಿಲ್ಲ. ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿ ಹಿಡಿದು ತಾಳೆ ನೋಡ್ತಿದ್ದರು, ಅಷ್ಟೇ. ಇಂಥ ಕಥೆ ಅಮೆರಿಕದ ಸುಮಾರು ಮನೆಗಳಲ್ಲಿದೆ. ಅತ್ತೆಯ ಹತ್ತಿರ ಇದನ್ನ ಹೇಗೆ ಹೇಳೋದು ಅನ್ನೋದು ನಿಮಗೆ ಬಿಟ್ಟದ್ದು.

ಲಾರ್ಸ್ ಊರು ಬಿಟ್ಟಾಗ ಅವರಿಗೆ ಅಡ್ಡಹೆಸರೇ ಇರಲಿಲ್ಲ ಅಂತ ಇಟ್ಟುಕೊಂಡು ಹುಡುಕಿ. ಸ್ವಂತ ಹೆಸರು, ತಂದೆಯ ಹೆಸರಿಗೆ -ಸೆನ್ (ಮಗ), ಆಮೇಲೆ ವಾಸವಿದ್ದ ಹಿಡುವಳಿಯ ಹೆಸರು, ಇಷ್ಟು ಸೇರಿದರೆ ಅಲ್ಲಿನ ಹಳ್ಳಿಗನ ಪೂರ್ತಿ ಹೆಸರು. ನಮ್ಮ ಇನಿಷಿಯಲ್‌ನಲ್ಲಿ ಊರು, ಅಪ್ಪ, ಆಮೇಲೆ ನಾವು ಬರೋ ಹಾಗೆ, ಆದರೆ ಉಲ್ಟಾ ಸಾಲಿನಲ್ಲಿ. ಒಂದು ದೊಡ್ಡ ವ್ಯತ್ಯಾಸ ಇದೆ. ಹಿಡುವಳಿ ಬದಲಾದರೆ ಹೆಸರಿನ ಬಾಲವೂ ಬದಲಾಗ್ತಿತ್ತು. ಹೆಂಡತಿಯ ಮನೆಯ ಜಮೀನಿಗೆ ಹೋಗಿ ನೆಲೆಸಿದ ಗಂಡಸು ಆ ಜಮೀನಿನ ಹೆಸರಲ್ಲೇ ಗುರುತಾಗ್ತಿದ್ದ. ಹಾಗಾಗಿ ಅದನ್ನ ವಿಳಾಸ ಅಂತ ಓದಿ. ಎಲ್ಲರಿಗೂ ವಂಶಪಾರಂಪರ್ಯದ ಅಡ್ಡಹೆಸರು ಇರಲೇಬೇಕು ಅಂತ ನಾರ್ವೆ ಕಾನೂನು ಮಾಡಿದ್ದು 1923ರಲ್ಲಿ, ನಿಮ್ಮವರು ಹೊರಟು ಐವತ್ತು ವರ್ಷ ಆದ ಮೇಲೆ. ಡೆನ್ಮಾರ್ಕ್‌ನಲ್ಲಿ ಸರ್ಕಾರ 1828ರಲ್ಲೇ ಇದಕ್ಕೆ ಕೈ ಹಾಕಿತ್ತು. ಐಸ್‌ಲ್ಯಾಂಡಿನವರು ಇವತ್ತಿಗೂ ಹೆಚ್ಚಾಗಿ ಅಪ್ಪನ ಹೆಸರಲ್ಲೇ ಇದ್ದಾರೆ.

ಇನ್ನು ಸ್ಪೆಲಿಂಗ್. ಕ್ಯೂ ಅಕ್ಷರ ಅಮೆರಿಕದವರು ಕೆಡಿಸಿದ್ದು ಅಂತ ಅನ್ನಿಸುತ್ತೆ, ಹಾಗಲ್ಲ. ಆಗ ನಾರ್ವೆಯ ಬರಹ ಡ್ಯಾನಿಶ್ ರೀತಿಯದು, ಪಾದ್ರಿಗಳು ಕ್ಯೂ-ವಿ ಹಾಕಿಯೇ ಬರೀತಿದ್ದರು. ಅಮೆರಿಕದಲ್ಲಿ ವಿ ಹೋಗಿ ಯು ಬಂತು. ನಾರ್ವೆಯಲ್ಲಿ ಆಮೇಲೆ ಕ್ಯೂ-ವಿ ಹೋಗಿ ಕೆ-ವಿ ಆಯ್ತು. ಎರಡು ಎ ಸೇರಿಸಿ ಬರೆಯೋ ಜಾಗಕ್ಕೆ ತಲೆ ಮೇಲೆ ಸೊನ್ನೆ ಇರೋ ಎ ಅಧಿಕೃತವಾಗಿ ಬಂದದ್ದೂ 1917ರಲ್ಲಿ. ಎಷ್ಟೋ ಹೆಸರುಗಳಲ್ಲಿ ಹಳೇ ರೂಪ ಉಳಿದಿರೋದು ಅಮೆರಿಕದಲ್ಲೇ, ಬದಲಾಗಿದ್ದು ತಾಯ್ನಾಡಿನಲ್ಲಿ. ಅಮೆರಿಕದಲ್ಲಿ ಬದಲಾದವೂ ಇವೆ ಅನ್ನಿ. ಬರ್ಕ್ಲಿ ವಿಶ್ವವಿದ್ಯಾಲಯದ ಸೇಥರ್ ಗೇಟ್ ಯಾರ ಹೆಸರಿನಲ್ಲಿದೆಯೋ ಆ ಬ್ಯಾಂಕರ್ ಪೇಡರ್ ಸೇಥರ್, ನಾರ್ವೆಯ ಒಂದು ಸೇತರ್ ಹಿಡುವಳಿಯಲ್ಲಿ ಹುಟ್ಟಿದವರು. ಅಮೆರಿಕದ ಉಪಾಧ್ಯಕ್ಷರಾಗಿದ್ದ ವಾಲ್ಟರ್ ಮಾಂಡೇಲ್ ಅವರ ಮನೆತನದ ಮೂಲ ಮುಂಡಾಲ್.

ಮಾಡಬೇಕಾದ್ದು ಇಷ್ಟು: ಸರ್ಚ್‌ನಲ್ಲಿ ಅಡ್ಡಹೆಸರಿನ ಜಾಗದಲ್ಲಿ ಕ್ವಾಮ್ ತೆಗೆದು "ಓಲ್ಸ್" ಅಂತ ಬರೆದು ನಕ್ಷತ್ರ ಚಿಹ್ನೆ ಹಾಕಿ, ವಯಸ್ಸಿಗೆ ಒಂದೆರಡು ವರ್ಷ ಸಡಿಲ ಬಿಡಿ, 1865ರ ಜನಗಣತಿ ನೋಡಿ. ಆದರೆ ಲಾರ್ಸ್ ಓಲ್ಸೆನ್ ಅಂತ ದೇಶದ ತುಂಬಾ ಇದ್ದಾರೆ, ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರುಗಳು) ಗೊತ್ತಿಲ್ಲದೆ ಹೋದರೆ ಸುಸ್ತಾಗ್ತೀರಿ. ಮೊದಲು ಮಿನೆಸೋಟದ ಲೂಥರನ್ ಚರ್ಚಿನ ಪುಸ್ತಕ ಹಿಡಿಯಿರಿ. ಸಮಾಧಿ, ದೀಕ್ಷಾಸ್ನಾನದ ದಾಖಲೆಗಳನ್ನ ಅಲ್ಲಿ ನಾರ್ವೀಜಿಯನ್‌ನಲ್ಲೇ ಬರೀತಿದ್ದರು, ಹುಟ್ಟಿದ ಊರು ಎಷ್ಟೋ ಸಲ ಅಲ್ಲೇ ಸಿಗುತ್ತೆ. ಅಮೆರಿಕದ ಜನಗಣತಿಯಲ್ಲಿ "ನಾರ್ವೆ" ಅಂತ ಮಾತ್ರ ಇರುತ್ತೆ, ಅದರಿಂದ ಏನೂ ಪ್ರಯೋಜನ ಇಲ್ಲ.

ಗೋಥೆನ್‌ಬರ್ಗ್ ಕನ್ನಡಿಗ

ಸ್ವೀಡನ್ ಕಡೆಯವರು ಈ ಥ್ರೆಡ್ ಓದ್ತಿದ್ದರೆ ಒಂದು ಮಾತು. ಅಣ್ಣತಮ್ಮಂದಿರಲ್ಲಿ ಒಬ್ಬ ಆಂಡರ್ಸನ್, ಇನ್ನೊಬ್ಬ ರಾಸ್ಕ್ ಇದ್ದರೆ ಗಾಬರಿ ಆಗಬೇಡಿ, ಆ ಇನ್ನೊಬ್ಬ ಸೈನಿಕನಾಗಿರಬಹುದು. 1682ರಿಂದ ಬಂದ ಸೇನಾ ವ್ಯವಸ್ಥೆಯಲ್ಲಿ ಒಂದೇ ಕಂಪನಿಯಲ್ಲಿ ಹತ್ತಾರು ಆಂಡರ್ಸನ್‌ಗಳು ಬೇಡ ಅಂತ ರಾಸ್ಕ್, ಮೂಡಿಗ್, ಶೋಲ್ಡ್ ಥರ ಚಿಕ್ಕ ಹೆಸರು ಕೊಡ್ತಿದ್ದರು. ಒಬ್ಬ ಸೈನಿಕ ನಿವೃತ್ತನಾದರೆ ಅವನಿಗೆ ಕೊಟ್ಟಿದ್ದ ಅದೇ ಗುಡಿಸಲು, ಅದೇ ಹೆಸರು ಮುಂದಿನವನಿಗೆ. ಹಾಗಾಗಿ ಒಂದೇ ಊರಿನ ಇಬ್ಬರು ರಾಸ್ಕ್ ರಕ್ತಸಂಬಂಧಿಗಳು ಅಂತ ತಿಳ್ಕೊಂಡು ಮರಕ್ಕೆ ಅಂಟಿಸಬೇಡಿ.

ಬೇಕಂತಲೇ ಹೆಸರು ಬದಲಿಸಿದವರೂ ಇದ್ದಾರೆ. ವಿಮಾನ ಹಾರಿಸಿದ ಚಾರ್ಲ್ಸ್ ಲಿಂಡ್‌ಬರ್ಗ್‌ನ ಅಜ್ಜ ಸ್ವೀಡನ್ನಿನ ಸಂಸತ್ ಸದಸ್ಯ ಊಲಾ ಮೋನ್ಸನ್. ಹಣದ ವಿಚಾರದ ಆರೋಪ ಬೆನ್ನಟ್ಟಿತ್ತು. 1859ರಲ್ಲಿ ಮಿನೆಸೋಟ ಸೇರಿ ಆಗಸ್ಟ್ ಲಿಂಡ್‌ಬರ್ಗ್ ಆದ.

ಮಿನೆಸೋಟದ ಸೊಸೆ

ಚರ್ಚಿನ ಪುಸ್ತಕ ಸಿಕ್ತು! ಲಾರ್ಸ್ ಅವರ ಸಮಾಧಿಯ ದಾಖಲೆಯಲ್ಲಿ ಜನ್ಮತಾರೀಖು, ಜೊತೆಗೆ "ಫ್ರೋನ್, ಗುಡ್‌ಬ್ರಾಂಡ್ಸ್‌ಡಾಲೆನ್" ಅಂತಿದೆ. ಮ್ಯಾಪಿನಲ್ಲಿ ನಾರ್-ಫ್ರೋನ್, ಸೋರ್-ಫ್ರೋನ್ ಎರಡು ಕಾಣ್ತಿವೆ, ಯಾವುದು?

ಹಳೇಕಾಗದ

ಫ್ರೋನ್ ಅನ್ನೋದು 1851ರಲ್ಲಿ ಎರಡಾಯ್ತು, ಎರಡನ್ನೂ ನೋಡಬೇಕು. ನಾರ್-ಫ್ರೋನ್ ಒಳಗೆ ಕ್ವಾಮ್ ಅಂತಲೇ ಒಂದು ಊರಿದೆ, ಅಲ್ಲಿಂದ ಶುರು ಮಾಡಿ. ಇನ್ನೊಂದು ಅನುಕೂಲ: ಗುಡ್‌ಬ್ರಾಂಡ್ಸ್‌ಡಾಲೆನ್ ಕಣಿವೆಯವರು ಹಡಗು ಹತ್ತಲು ಸಾಮಾನ್ಯವಾಗಿ ಕ್ರಿಸ್ಟಿಯಾನಿಯಾಕ್ಕೆ, ಅಂದರೆ ಈಗಿನ ಓಸ್ಲೋಗೆ, ಬರ್ತಿದ್ದರು. ಅಲ್ಲಿನ ಪೊಲೀಸರು ವಲಸೆ ಹೋಗೋರ ಪಟ್ಟಿ ಇಟ್ಟದ್ದು 1867ರಿಂದ, ಅದೂ ಡಿಜಿಟಲ್‌ಆರ್ಕಿವೆಟ್‌ನಲ್ಲಿದೆ. ಬರ್ಗನ್ ಮೂಲಕ ಹೋಗಿದ್ದರೆ 1873ಕ್ಕೆ ಸಿಗ್ತಿರಲಿಲ್ಲ, ಅಲ್ಲಿನ ಪಟ್ಟಿ 1874ರಿಂದ.

ಮಿನೆಸೋಟದ ಸೊಸೆ

ಪೊಲೀಸ್ ಪಟ್ಟಿಯಲ್ಲಿ ಲಾರ್ಸ್ ಓಲ್ಸೆನ್, ಫ್ರೋನ್, ವಯಸ್ಸು ಸರಿಹೊಂದುತ್ತೆ. 1865ರ ಜನಗಣತಿಯಲ್ಲಿ ಕ್ವಾಮ್ ಕಡೆಯ ಮೋಯೆನ್ ಅನ್ನೋ ಜಾಗದಲ್ಲಿ ಅಪ್ಪ, ಅಮ್ಮ, ಲಾರ್ಸ್, ತಮ್ಮ, ತಂಗಿ ಎಲ್ಲರೂ ಇದ್ದಾರೆ. ಅಪ್ಪನ ಹೆಸರಿನ ಮುಂದೆ "ಹುಸ್ಮಾನ್ ಮೆಡ್ ಯೂರ್" ಅಂತಿದೆ. ಏನದು? ಮತ್ತೆ ಸಾಫ್ಟ್‌ವೇರಿನಲ್ಲಿ ಲಾಸ್ಟ್ ನೇಮ್ ಕಾಲಮಿಗೆ ಏನು ತುಂಬಲಿ?

ಹಳೇಕಾಗದ

ಬೇರೆಯವರ ಹಿಡುವಳಿಯಲ್ಲಿ ಒಂದು ತುಂಡು ಭೂಮಿ ಹಿಡಿದು, ಬದಲಿಗೆ ಒಡೆಯನ ಹೊಲದಲ್ಲಿ ದುಡಿಯೋ ಗೇಣಿಗಾರ. ಅಮೆರಿಕಕ್ಕೆ ಹೊರಟವರಲ್ಲಿ ಇಂಥ ಮನೆಯ ಮಕ್ಕಳು ಬಹಳ. ಲಾರ್ಸ್ ಅವರ ತಮ್ಮ ಆ ತುಂಡು ಭೂಮಿಯ ಹೆಸರು ಮೋಯೆನ್ ಇಟ್ಟುಕೊಂಡರು, ಲಾರ್ಸ್ ಊರಿನ ಹೆಸರು ಹಿಡಿದರು. ಅಣ್ಣತಮ್ಮಂದಿರ ಗಂಟು ಬಿಚ್ಚಿತಲ್ಲ! ಓಲ್ಸನ್ ಯಾಕೆ ಬಿಟ್ಟರು ಅಂದರೆ, ಒಂದೇ ಟೌನ್‌ಶಿಪ್ಪಿನಲ್ಲಿ ನಾಲ್ಕು ಜನ ಲಾರ್ಸ್ ಓಲ್ಸನ್ ಇದ್ದರೆ ಕಾಗದಪತ್ರ ಯಾರ ಮನೆಗೆ ಹೋಗಬೇಕು?

ಕಾಲಮಿನ ವಿಚಾರದಲ್ಲಿ ಜಗಳಗಳೇ ನಡೆದಿವೆ. ನನ್ನ ಪದ್ಧತಿ ಹೇಳ್ತೀನಿ: ನಾರ್ವೆಯಲ್ಲೇ ತೀರಿಕೊಂಡವರಿಗೆ ಓಲ್ಸೆನ್ ಥರದ್ದು, ಮೋಯೆನ್ ಅನ್ನೋದನ್ನ ವಾಸಸ್ಥಳದಲ್ಲಿ ವರ್ಷದ ಸಮೇತ. ಲಾರ್ಸ್‌ಗೆ ಮಾತ್ರ ಕ್ವಾಮ್, ಓಲ್ಸನ್ ಅನ್ನೋದು ಪರ್ಯಾಯ ಹೆಸರು. ಮಕ್ಕಳ ಹೆಸರು ನೋಡಿ ಅಪ್ಪನಿಗೂ ಕ್ವಾಮ್ ಅಂಟಿಸಬೇಡಿ, ಪಾಪ, ಆ ಮನುಷ್ಯ ಆ ಹೆಸರಿನಲ್ಲಿ ಬದುಕಲೇ ಇಲ್ಲ.

ತಂಗಿಯನ್ನ ಓಲ್ಸೆನ್ ಅಂತ ಹುಡುಕಬೇಡಿ, ತಂದೆಯ ಹೆಸರಿಗೆ -ಡಾಟರ್ (ಮಗಳು) ಸೇರಿ ಅವರು ಓಲ್ಸ್‌ಡಾಟರ್. 1875ರ ಜನಗಣತಿಯಲ್ಲಿ ಮೋಯೆನ್‌ನಲ್ಲೇ ಇದ್ದಾರಾ ನೋಡಿ. ಇಲ್ಲದಿದ್ದರೆ ಮದುವೆಯಾಗಿ ಬೇರೆ ಹಿಡುವಳಿಗೆ ಹೋಗಿರಬಹುದು, ಆಗ ಫ್ರೋನ್ ಚರ್ಚಿನ ಮದುವೆ ಪುಸ್ತಕ.