ಬ್ಲಾಕ್ ಮಾಡಿದರೂ ಬೇಡದ ಮೇಲ್ ನಿಲ್ಲುತ್ತಿಲ್ಲ, ಅತಿಥಿಗಳ ಮೇಲ್ ಮಾತ್ರ ಸ್ಪ್ಯಾಮ್‌ಗೆ ಹೋಗುತ್ತಿದೆ

ಕಕ್ಕಬ್ಬೆ ಹೋಂಸ್ಟೇ:
ಎಲ್ಲರಿಗೂ ನಮಸ್ಕಾರ. ಕಕ್ಕಬ್ಬೆ ಹತ್ತಿರ ನಾನೂ ನಮ್ಮ ಯಜಮಾನರೂ ಚಿಕ್ಕದೊಂದು ಹೋಂಸ್ಟೇ ನಡೆಸುತ್ತೇವೆ. ಬುಕಿಂಗ್, ಬ್ಯಾಂಕು, ಕಾಫಿ ಲೆಕ್ಕ ಎಲ್ಲಾ ಒಂದೇ ಜಿಮೇಲ್‌ಗೆ ಬರುತ್ತದೆ. ಈಚೆಗೆ ಬೇಡದ ಮೇಲ್ ವಿಪರೀತ. ವೆಬ್‌ಸೈಟ್ ಮಾಡಿಕೊಡ್ತೀವಿ, ಗೂಗಲ್‌ನಲ್ಲಿ ಮೇಲೆ ತರ್ತೀವಿ, ಸಾಲ ಬೇಕಾ, ಬೆಡ್‌ಶೀಟ್ ಹೋಲ್‌ಸೇಲ್ ರೇಟಿಗೆ ಕೊಡ್ತೀವಿ, ಹೀಗೆ. ಬಂದದ್ದನ್ನೆಲ್ಲ ಬ್ಲಾಕ್ ಮಾಡುತ್ತಲೇ ಇದ್ದೇನೆ, ನಾಳೆ ಮತ್ತೆ ಹಾಜರ್. ಮೊನ್ನೆ ಮೈಸೂರಿನವರೊಬ್ಬರು ಫೋನ್ ಮಾಡಿ, ಮೆಸೇಜ್ ಹಾಕಿದರೆ ಉತ್ತರವೇ ಇಲ್ವಲ್ಲ ಅಂದರು. ಹುಡುಕಿದರೆ ಅದು ಸ್ಪ್ಯಾಮ್‌ನಲ್ಲಿತ್ತು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಸಿಗ್ನಲ್ಲೂ ಹೋಗುತ್ತದೆ. ಸಿಗ್ನಲ್ ಸಿಕ್ಕಿದ ಸ್ವಲ್ಪ ಹೊತ್ತಿನಲ್ಲೇ ಬುಕಿಂಗ್ ಮೇಲ್ ಕಣ್ಣಿಗೆ ಬೀಳಬೇಕು. ಏನು ಮಾಡಲಿ?

ರೊಬಸ್ಟಾ ಬೆಳೆಗಾರ:
ಪ್ರತಿ ಮೇಲ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅನ್‌ಸಬ್‌ಸ್ಕ್ರೈಬ್, ಅಂದರೆ ಇನ್ನು ಕಳಿಸಬೇಡಿ ಅಂತ ಇರುತ್ತದೆ. ಎಲ್ಲದರಲ್ಲೂ ಅದನ್ನು ಒತ್ತಿಬಿಡಿ, ಮುಗೀತು.

ಕುಶಾಲನಗರ ಟೆಕ್ಕಿ:
ಅಣ್ಣ, ಎಲ್ಲದರಲ್ಲೂ ಒತ್ತೋದು ಬೇಡ. ಗೊತ್ತಿರುವ ಅಂಗಡಿ, ಬ್ಯಾಂಕು, ಆ್ಯಪ್‌ನವರು ಕಳಿಸಿದ್ದಾದರೆ ಒತ್ತಿ, ನಿಲ್ಲುತ್ತದೆ. ಯಾರೋ ಏನೋ ಗೊತ್ತಿಲ್ಲದವರ ಮೇಲ್‌ನಲ್ಲಿ ಆ ಲಿಂಕ್ ಒತ್ತಿದರೆ, ಈ ವಿಳಾಸದಲ್ಲಿ ಓದುವವರಿದ್ದಾರೆ ಅಂತ ನಾವೇ ತಿಳಿಸಿದ ಹಾಗಾಗುತ್ತದೆ. ಆಮೇಲೆ ಇನ್ನೂ ಜಾಸ್ತಿ ಬರಬಹುದು. ಕೆಲವು ಲಿಂಕ್‌ಗಳು ಪಾಸ್‌ವರ್ಡ್ ಕೇಳುವ ನಕಲಿ ಪುಟಕ್ಕೂ ಕರೆದೊಯ್ಯುತ್ತವೆ. ಅನ್‌ಸಬ್‌ಸ್ಕ್ರೈಬ್ ಮಾಡಲು ಪಾಸ್‌ವರ್ಡ್, ಓಟಿಪಿ ಕೇಳಿದರೆ ತಕ್ಷಣ ಮುಚ್ಚಿಬಿಡಿ.

ಅಕ್ಕ, ನಿಮ್ಮ ವಿಷಯಕ್ಕೆ ಬರುತ್ತೇನೆ. ಜಿಮೇಲ್‌ನಲ್ಲಿ ಬ್ಲಾಕ್ ಮಾಡಿದರೆ ಮೇಲ್ ಬರುವುದು ನಿಲ್ಲುವುದಿಲ್ಲ. ಆ ವಿಳಾಸದಿಂದ ಬಂದದ್ದು ಇನ್‌ಬಾಕ್ಸ್ ಬದಲು ಸ್ಪ್ಯಾಮ್‌ಗೆ ಹೋಗಿ ಬೀಳುತ್ತದೆ, 30 ದಿನ ಆದ ಮೇಲೆ ತಾನಾಗಿ ಅಳಿಯುತ್ತದೆ. ಅದೂ ಆ ಒಂದು ವಿಳಾಸಕ್ಕೆ ಮಾತ್ರ. ವೆಬ್‌ಸೈಟ್ ಮಾಡಿಕೊಡ್ತೀವಿ ಅನ್ನುವವರು ಸಾಮಾನ್ಯವಾಗಿ ವಿಳಾಸ ಬದಲಿಸುತ್ತಲೇ ಇರುತ್ತಾರೆ. ಅಂಥವರಿಗೆ ಬ್ಲಾಕ್‌ಗಿಂತ 'ರಿಪೋರ್ಟ್ ಸ್ಪ್ಯಾಮ್' ಒಳ್ಳೆಯದು. ಆಗ ಅದೇ ತರಹದ ಮೇಲ್‌ಗಳನ್ನು ಗುರುತಿಸಲು ಜಿಮೇಲ್‌ಗೂ ಸುಲಭ. ಬ್ಲಾಕ್ ಬೇಕಾಗೋದು ಒಂದೇ ವಿಳಾಸದಿಂದ ಪದೇ ಪದೇ ಕಾಡುವ ವ್ಯಕ್ತಿಗೆ.

ಮೈಸೂರಿನವರ ಮೇಲ್ ಯಾಕೆ ಸ್ಪ್ಯಾಮ್‌ಗೆ ಹೋಯಿತು ಅನ್ನೋದು ಮುಖ್ಯ. ಅವರು ಬರೆದದ್ದು ಬುಕಿಂಗ್ ಸೈಟ್ ಮೂಲಕವಾ?

ಕಕ್ಕಬ್ಬೆ ಹೋಂಸ್ಟೇ:
ಹೌದು, ಸೈಟ್ ಮೂಲಕವೇ. ಅದೇ ಸೈಟಿನವರ ಆಫರ್ ಮೇಲ್‌ಗಳೂ ಬರುತ್ತವೆ. ಅವಕ್ಕೆ ಸ್ಪ್ಯಾಮ್ ಅಂತ ಒತ್ತುತ್ತಿದ್ದೆವು.

ಕುಶಾಲನಗರ ಟೆಕ್ಕಿ:
ಹಾಗಾದರೆ ಕಾರಣ ಅದೇ ಇರಬೇಕು. ಒಂದೇ ಕಂಪನಿಯಿಂದ ಬರುವುದರಿಂದ ಆಫರ್ ಯಾವುದು, ಅತಿಥಿಯ ಪ್ರಶ್ನೆ ಯಾವುದು ಅಂತ ಜಿಮೇಲ್ ಗೊಂದಲಕ್ಕೆ ಬೀಳಬಹುದು. ಮೊದಲು ಸ್ಪ್ಯಾಮ್ ಪೂರ್ತಿ ನೋಡಿ. ಅತಿಥಿಗಳದ್ದು ಸಿಕ್ಕಿದರೆ ಒಂದೊಂದಕ್ಕೂ 'ನಾಟ್ ಸ್ಪ್ಯಾಮ್' ಒತ್ತಿ. 30 ದಿನದ ಲೆಕ್ಕ ಇದೆಯಲ್ಲ, ಇವತ್ತೇ ಮಾಡಿ.

ಆಮೇಲೆ ಒಂದು ಫಿಲ್ಟರ್ ಹಾಕಿ, ಅಂದರೆ ಇಂಥ ಮೇಲ್ ಬಂದರೆ ಹೀಗೆ ಮಾಡು ಅಂತ ಜಿಮೇಲ್‌ಗೆ ಮೊದಲೇ ಹೇಳಿಡುವುದು. ಫೋನಿನ ಆ್ಯಪ್‌ನಲ್ಲಿ ಇದು ಆಗಲ್ಲ, ಕಂಪ್ಯೂಟರ್ ಬೇಕು. ಅತಿಥಿಯ ಮೇಲ್ ತೆರೆದು ಕಳಿಸಿದವರ ವಿಳಾಸ ನೋಡಿ. @ ಗುರುತಿನ ಎಡಕ್ಕಿರುವುದು ಪ್ರತಿ ಅತಿಥಿಗೂ ಬೇರೆ ಬೇರೆ ಇರಬಹುದು, ಬಲಕ್ಕಿರುವುದು ಒಂದೇ. ಜಿಮೇಲ್ ಹುಡುಕುವ ಪಟ್ಟಿಯ ಬಲ ತುದಿಯ ಚಿಹ್ನೆ ಒತ್ತಿದರೆ ಫಾರ್ಮ್ ತೆರೆಯುತ್ತದೆ. ಅದರಲ್ಲಿ 'ಫ್ರಮ್' ಖಾನೆಗೆ @ ಸೇರಿಸಿ ಆ ಬಲಗಡೆಯ ಭಾಗ ಮಾತ್ರ ಹಾಕಿ. 'ಕ್ರಿಯೇಟ್ ಫಿಲ್ಟರ್' ಒತ್ತಿ, ಮುಂದಿನ ಪಟ್ಟಿಯಲ್ಲಿ 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಮತ್ತು ಸ್ಟಾರ್ ಹಾಕುವುದು, ಎರಡಕ್ಕೂ ಟಿಕ್ ಮಾಡಿ. ಸಿಗ್ನಲ್ ಬಂದ ಕೂಡಲೇ ಸ್ಟಾರ್ ಇರುವುದನ್ನಷ್ಟೇ ನೋಡಿದರೆ ಸಾಕು.

ಸೈಟಿನ ಆಫರ್ ಮೇಲ್‌ಗಳಿಗೆ ಅನ್‌ಸಬ್‌ಸ್ಕ್ರೈಬ್ ಮಾಡಿ. ಇದನ್ನು ಜಿಮೇಲ್ ತೋರಿಸುವ ಬಟನ್‌ನಿಂದಲೇ ಮಾಡಿ, ಕಳಿಸಿದವರ ಹೆಸರಿನ ಹತ್ತಿರ ಇರುತ್ತದೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಜಿಮೇಲ್‌ಗೆ ಕಳಿಸುವವರು ಪ್ರಚಾರದ ಮೇಲ್‌ಗಳಲ್ಲಿ ಒಂದೇ ಕ್ಲಿಕ್‌ನಲ್ಲಿ ಬಿಡುವ ವ್ಯವಸ್ಥೆ ಇಡಲೇಬೇಕು ಅಂತ ಗೂಗಲ್ 2024ರಲ್ಲಿ ನಿಯಮ ತಂದಿದೆ. ಒತ್ತಿದ ಎರಡು ದಿನದೊಳಗೆ ಅವರು ನಿಲ್ಲಿಸಬೇಕು. 2025ರಿಂದ 'ಮ್ಯಾನೇಜ್ ಸಬ್‌ಸ್ಕ್ರಿಪ್ಶನ್ಸ್' ಅನ್ನುವ ಪುಟವೂ ಇದೆ, ಎಡಬದಿಯ ಮೆನುವಿನಲ್ಲಿ. ಜಾಸ್ತಿ ಕಳಿಸುವವರು ಅಲ್ಲಿ ಮೇಲೆ ಇರುತ್ತಾರೆ. ಅಲ್ಲಿಂದಲೇ ಶುರು ಮಾಡಿದರೆ ಅರ್ಧ ಹೊರೆ ಇಳಿಯುತ್ತದೆ.

ರೊಬಸ್ಟಾ ಬೆಳೆಗಾರ:
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಒಂದು ಅನುಮಾನ. ನಮ್ಮ ಪರಿಚಯದವರಿಗೆ ಒಂದೇ ರಾತ್ರಿ ರಾಶಿ ರಾಶಿ ಮೇಲ್ ಬಂತು, ಯಾವ್ಯಾವುದೋ ದೇಶದ ಅಂಗಡಿಗಳಿಗೆ ಸೇರಿದ್ದಕ್ಕೆ ಸ್ವಾಗತ ಅಂತ. ಅದೂ ಇದೇನಾ?

ಕುಶಾಲನಗರ ಟೆಕ್ಕಿ:
ಅಲ್ಲ ಅಣ್ಣ, ಅದು ಬೇರೆ, ಅಪಾಯದ್ದು. ದಯವಿಟ್ಟು ಅವರಿಗೆ ಈಗಲೇ ಹೇಳಿ. ಯಾರೋ ಅವರ ವಿಳಾಸವನ್ನು ಬೇಕೆಂದೇ ಸಾವಿರಾರು ಕಡೆ ಸೇರಿಸಿರುತ್ತಾರೆ. ದುಡ್ಡು ತೆಗೆದದ್ದರ ಅಥವಾ ಪಾಸ್‌ವರ್ಡ್ ಬದಲಿಸಿದ್ದರ ಮೇಲ್ ಆ ರಾಶಿಯಲ್ಲಿ ಮುಚ್ಚಿಹೋಗಲಿ ಅಂತ ಹೀಗೆ ಮಾಡುತ್ತಾರೆ. ಅನ್‌ಸಬ್‌ಸ್ಕ್ರೈಬ್ ಮಾಡುತ್ತಾ ಕೂರೋದು ಬೇಡ. ಮೊದಲು ಬ್ಯಾಂಕ್ ಖಾತೆ, ಕಾರ್ಡು ನೋಡಲಿ. ಇನ್‌ಬಾಕ್ಸ್‌ನಲ್ಲಿ ಬ್ಯಾಂಕಿನ ಹೆಸರು ಹಾಕಿ ಹುಡುಕಲಿ. ದುಡ್ಡು ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಲಿ. ತಡ ಆದಷ್ಟೂ ದುಡ್ಡು ತಡೆಹಿಡಿಯೋದು ಕಷ್ಟ.

ಕಕ್ಕಬ್ಬೆ ಹೋಂಸ್ಟೇ:
ನಾಪೋಕ್ಲಿನಲ್ಲಿ ತಂಗಿ ಮನೆಯ ಲ್ಯಾಪ್‌ಟಾಪ್‌ನಲ್ಲಿ ಫಿಲ್ಟರ್ ಹಾಕಿದೆ. ಇವತ್ತು ಬಂದ ಬುಕಿಂಗ್‌ಗೆ ಫೋನಿನಲ್ಲೂ ಸ್ಟಾರ್ ಕಾಣಿಸಿತು! ಸ್ಪ್ಯಾಮ್‌ನಲ್ಲಿ ಇನ್ನೊಬ್ಬ ಅತಿಥಿಯ ಪ್ರಶ್ನೆ ಸಿಕ್ಕಿತು, ಅವರಿಗೂ ಉತ್ತರ ಬರೆದೆ. ಇನ್ನು ಮುಂದೆ ಹೊಸ ಕಡೆ ವಿಳಾಸ ಕೊಡುವಾಗ ಏನಾದರೂ ಮಾಡಬಹುದಾ?

ಕುಶಾಲನಗರ ಟೆಕ್ಕಿ:
ಮಾಡಬಹುದು ಅಕ್ಕ. ನಿಮ್ಮ ಜಿಮೇಲ್ ವಿಳಾಸದಲ್ಲಿ @ ಗುರುತಿನ ಎಡಕ್ಕೆ, ಹೆಸರು ಮುಗಿದ ಕೂಡಲೇ + ಹಾಕಿ ಒಂದು ಪದ ಸೇರಿಸಿ, ಹಾಸಿಗೆ ಅಂಗಡಿಗೆ ಒಂದು, ಗ್ಯಾಸ್ ಸ್ಟೌವ್ ಅಂಗಡಿಗೆ ಇನ್ನೊಂದು. ಎಲ್ಲಾ ನಿಮ್ಮ ಅದೇ ಇನ್‌ಬಾಕ್ಸ್‌ಗೆ ಬರುತ್ತದೆ. ಆ ಪದ ಹಾಕಿದ ವಿಳಾಸಕ್ಕೆ ಬೇರೆ ಯಾರಿಂದಲಾದರೂ ಮೇಲ್ ಬಂದರೆ, ಯಾರ ಕಡೆಯಿಂದ ವಿಳಾಸ ಹೊರಗೆ ಹೋಯಿತು ಅಂತ ಗೊತ್ತಾಗುತ್ತದೆ. ಫಿಲ್ಟರ್ ಫಾರ್ಮ್‌ನ 'ಟು' ಖಾನೆಗೆ ಅದೇ ವಿಳಾಸ ಹಾಕಿ, ಡಿಲೀಟ್‌ಗೆ ಟಿಕ್ ಮಾಡಿದರೆ ಆಯಿತು. ಕೆಲವು ಸೈಟ್‌ಗಳು + ಚಿಹ್ನೆ ಒಪ್ಪಲ್ಲ, ಅಲ್ಲಿ ಮಾಮೂಲಿ ವಿಳಾಸವನ್ನೇ ಕೊಡಿ.